ಬ್ಯಾನರಿನ ಮೇಲೆ "ಇಂಟರ್‌ನ್ಯಾಷನಲ್" ಬಂದದ್ದು ಹೇಗೆ? ಕಾಸರಗೋಡಿನ ಕ್ಯಾಂಪಸ್ ಕಾರ್ಯಕ್ರಮಗಳ ಹಿಂದಿನ ಕಥೆ

ಫೆಬ್ರವರಿ ಮಧ್ಯಕ್ಕೆ ಬಂತು ಅಂದ್ರೆ ನಮ್ಮ ಕಡೆಯ ವಾಟ್ಸ್ಯಾಪ್ ಗ್ರೂಪುಗಳಲ್ಲಿ ಒಂದು ಜಗಳ ಗ್ಯಾರಂಟಿ. ಯಾವುದೋ ಕ್ಯಾಂಪಸ್ಸಿನ ಪೋಸ್ಟರ್ ಬರ್ತದೆ, ಭೂಗೋಳದ ಚಿತ್ರ, ಏಳೆಂಟು ಫೋಟೋ, ದೊಡ್ಡ ಅಕ್ಷರದಲ್ಲಿ ಇಂಟರ್‌ನ್ಯಾಷನಲ್, ಕೆಳಗೆ ಎಲ್ಲರಿಗೂ ಸ್ವಾಗತ ಅಂತ ಇಂಗ್ಲಿಷಿನಲ್ಲಿ. ಒಬ್ರು ದುಡ್ಡು ದಂಡ ಅಂತಾರೆ. ಇನ್ನೊಬ್ರು, ನಮ್ಮ ಮಕ್ಕಳಿಗೂ ಪ್ರಪಂಚ ಗೊತ್ತಾಗ್ಬೇಡ್ವಾ ಮಾರಾಯ್ರೇ ಅಂತಾರೆ. ಮೂರನೆಯವರು ಬಂದು ಇದರಲ್ಲಿ ಕನ್ನಡ ಎಲ್ಲುಂಟು ಅಂತ ಕೇಳಿದ ಮೇಲೆ ಮಾತು ಸೀದಾ ಕಾಸರಗೋಡು ಕೇರಳಕ್ಕೆ ಸೇರಿದ 1956ಕ್ಕೆ ಹೋಗಿ ನಿಲ್ತದೆ, ಅಡ್ಮಿನ್ ಗ್ರೂಪಿಗೆ ಬೀಗ ಹಾಕ್ತಾರೆ. ಮೂವರು ಹೇಳುವುದರಲ್ಲೂ ಸತ್ಯ ಉಂಟು, ಆದ್ರೆ ಮೂವರೂ ಹೇಳುವುದು ಬೇರೆ ಬೇರೆ ವಿಷಯ. ಸ್ವಲ್ಪ ಹಿಂದಿನಿಂದ ಬಿಡಿಸಿ ನೋಡುವ.

ವಿಶ್ವವಿದ್ಯಾಲಯದವರು ಗೇಟಿನ ಹೊರಗಿನವರಿಗೂ ನಾಲ್ಕು ಮಾತು ಹೇಳ್ಬೇಕು ಅನ್ನುವುದು ಹಳೇ ಯೋಚನೆ. ಇಂಗ್ಲೆಂಡಿನ ಕೇಂಬ್ರಿಜ್ 1873ರಲ್ಲೇ ಊರೂರಿಗೆ ಉಪನ್ಯಾಸಕರನ್ನು ಕಳಿಸ್ಲಿಕ್ಕೆ ಸುರು ಮಾಡಿತ್ತು, 1921ರಲ್ಲಿ ಟ್ಯಾಗೋರರು ಇಡೀ ವಿಶ್ವವೇ ಒಂದು ಗೂಡು ಅನ್ನುವ ಸಂಸ್ಕೃತ ಮಾತನ್ನು ಇಟ್ಕೊಂಡು ವಿಶ್ವಭಾರತಿ ಕಟ್ಟಿದ್ರು. ನಮಗೆ ಹತ್ತಿರದ ಉದಾಹರಣೆ ಅಂದ್ರೆ ಮೈಸೂರಿನದ್ದು. 1930ರ ದಶಕದಲ್ಲಿ ಅಲ್ಲಿಯ ಪ್ರಾಧ್ಯಾಪಕರು ಪ್ರಚಾರೋಪನ್ಯಾಸ ಅಂತ ಹಳ್ಳಿಗಳಿಗೆ ಹೋಗಿ ವಿಜ್ಞಾನ, ಚರಿತ್ರೆ, ಆರೋಗ್ಯ ಎಲ್ಲ ಕನ್ನಡದಲ್ಲೇ ಹೇಳಿದ್ರು, ಆಮೇಲೆ ಆ ಭಾಷಣಗಳೇ ಸಣ್ಣ ಸಣ್ಣ ಪುಸ್ತಕ ಆಗಿ ಬಂದ್ವು. ವಿಷಯ ಎಷ್ಟು ದೂರದ್ದಾದ್ರೂ ಇರ್ಲಿ, ಭಾಷೆ ಮಾತ್ರ ಕೂತು ಕೇಳುವವನದ್ದು. ಇದೊಂದು ನೆನಪಿಟ್ಕೊಳ್ಳಿ, ಮುಂದೆ ಬೇಕಾಗ್ತದೆ.

ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರಿನ ಆ ಗಾಳಿ ಇಲ್ಲಿಗೆ ನೇರ ಬೀಸಲಿಲ್ಲ. ಹಾಗಂತ ನಮ್ಮಲ್ಲಿ ಪ್ರಪಂಚದ ವಿಚಾರ ಇರ್ಲಿಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪುವುದಿಲ್ಲ. ಮಂಜೇಶ್ವರದ ಮನೆಯಲ್ಲಿ ಕೂತು ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಮೇಲೆ ಖಂಡಕಾವ್ಯ ಬರೆದ್ರು, ಬುದ್ಧನ ಕೊನೆಯ ದಿನಗಳ ಮೇಲೆ ಇನ್ನೊಂದು, ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದ್ರು. ಯಾವ ಯುನಿವರ್ಸಿಟಿಯ ನೌಕರಿಯೂ ಇಲ್ಲದೆ. ಇನ್ನು ಪಬ್ಲಿಕ್ ಟಾಕ್ ಅಂತ ಈಗ ಯಾವುದನ್ನು ಹೇಳ್ತೇವೆ, ಅದು ಇಲ್ಲಿ ಯಕ್ಷಗಾನದ ತಾಳಮದ್ದಳೆ ಕೂಟದಲ್ಲಿ ದಿನಾ ಇತ್ತು. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ, ಮತ್ತೆ ಮಾತು. ಶೇಣಿ ಗೋಪಾಲಕೃಷ್ಣ ಭಟ್ರು ವಾಲಿಯ ಪರ ವಾದಕ್ಕೆ ನಿಂತ್ರೆ ರಾಮನಾಗಿ ಮಾತಾಡುವ ಅರ್ಥಧಾರಿ ಸ್ಥಳದಲ್ಲೇ ಉತ್ತರ ಹುಡುಕ್ಬೇಕು, ಧರ್ಮ ಯಾವುದು ನ್ಯಾಯ ಯಾವುದು ಅಂತ ಗಂಟೆಗಟ್ಟಲೆ ಚರ್ಚೆ, ಕೇಳ್ಲಿಕ್ಕೆ ಅಡಿಕೆ ಸುಲಿಯುವವರಿಂದ ಹಿಡಿದು ಮೇಷ್ಟ್ರುಗಳ ತನಕ. ಸರ್ಟಿಫಿಕೇಟ್ ಇರ್ಲಿಲ್ಲ ಅಷ್ಟೇ.

1956ರ ನವೆಂಬರ್ 1ಕ್ಕೆ ಕೇರಳ ಆಯ್ತು, 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಅಂತ ಹೇಳಿ ಕಪಾಟು ಸೇರಿತು, 1984ರಲ್ಲಿ ಕಾಸರಗೋಡು ಜಿಲ್ಲೆ ಆಯ್ತು. ಈ ಮಧ್ಯೆ 1957ರಲ್ಲಿ ಸುರುವಾದ ಕಾಸರಗೋಡು ಸರಕಾರಿ ಕಾಲೇಜು ಮೊದಲು ಕೇರಳ ವಿ.ವಿ., ಮತ್ತೆ ಕ್ಯಾಲಿಕಟ್, 1996ರ ನಂತರ ಕಣ್ಣೂರು ಅಂತ ಮೂರು ಮನೆ ಬದಲಿಸಿತು. ಆಗೆಲ್ಲ ಕ್ಯಾಂಪಸ್ ಕಾರ್ಯಕ್ರಮ ಅಂದ್ರೆ ಕನ್ನಡ ಸಂಘದ ಉದ್ಘಾಟನೆ, ಮಂಗಳೂರಿನಿಂದಲೋ ಮೈಸೂರಿನಿಂದಲೋ ಒಬ್ಬ ಸಾಹಿತಿ, ಮಧ್ಯಾಹ್ನ ಏಕಾಂಕ ನಾಟಕ. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು, ಅದರ ಖಾಯಂ ಕ್ಯಾಂಪಸ್ ಪೆರಿಯದಲ್ಲಿ, ಅಂದ್ರೆ ಹೊಳೆಯ ತೆಂಕು ಬದಿಯಲ್ಲಿ. ದೇಶದ ಬೇರೆ ಬೇರೆ ಕಡೆಯ ಮಕ್ಕಳು ಬಂದ್ರು, ಬೇರೆ ಬೇರೆ ಕಡೆಯ ಮೇಷ್ಟ್ರುಗಳು ಬಂದ್ರು, ಅದು ಒಳ್ಳೆಯದೇ.

ಆದ್ರೆ ಬ್ಯಾನರ್ ಬದಲಾದ ನಿಜವಾದ ಕಾರಣ ಅದಲ್ಲ, ಅದು ಬರೇ ಇಲ್ಲಿಯ ಕಥೆಯೂ ಅಲ್ಲ. ವಿ.ವಿ.ಗಳ ಮೇಲಿನ ಕೇಂದ್ರ ಸಂಸ್ಥೆ ಯುಜಿಸಿಯ 2010ರ ನಿಯಮದಲ್ಲಿ ಎಪಿಐ ಅಂತ ಮೇಷ್ಟ್ರುಗಳ ಕೆಲಸಕ್ಕೆ ಅಂಕ ಕೊಡುವ ಒಂದು ಲೆಕ್ಕ ಬಂತು. ಮೇಷ್ಟ್ರುಗಳಿಗೆ ಬಡ್ತಿ ಬೇಕಾದ್ರೆ ಪಾಯಿಂಟ್ ಬೇಕು. ಇಂಟರ್‌ನ್ಯಾಷನಲ್ ಸೆಮಿನಾರಿನಲ್ಲಿ ಪೇಪರ್ ಓದಿದ್ರೆ 10, ನ್ಯಾಷನಲ್ ಆದ್ರೆ 7.5, ರಾಜ್ಯ ಮಟ್ಟ 5, ಲೋಕಲ್ 3. ನೀವೇ ಹೇಳಿ, ಅದೇ ಚಾ, ಅದೇ ವಡೆ, ಅದೇ ಸಭಾಂಗಣ, ಬ್ರೋಷರಿನಲ್ಲಿ ಹೊರದೇಶದ ಒಂದು ಹೆಸರಿದ್ರೆ 3ರದ್ದು 10 ಆಗ್ತದೆ ಅಂದ್ರೆ ಯಾರು ಬಿಡ್ತಾರೆ? 2018ರಲ್ಲಿ ಲೆಕ್ಕ ಸ್ವಲ್ಪ ಬಿಗಿ ಆಯ್ತು, ವಿದೇಶಕ್ಕೇ ಹೋಗಿ ಮಾತಾಡಿದ್ರೆ 7, ದೇಶದೊಳಗಿನ ಇಂಟರ್‌ನ್ಯಾಷನಲ್ಲಿಗೆ 5, ನ್ಯಾಷನಲ್ಲಿಗೆ 3, ರಾಜ್ಯ ಅಥವಾ ವಿ.ವಿ. ಮಟ್ಟಕ್ಕೆ 2. ಏಣಿಯ ಮೆಟ್ಟಿಲು ಮಾತ್ರ ಅದೇ, ಊರಿನದ್ದು ಯಾವಾಗಲೂ ಕೆಳಗೆ.

ಮೇಲಿಂದ ನ್ಯಾಕ್, ಅಂದ್ರೆ ಕಾಲೇಜು, ವಿ.ವಿ.ಗಳ ಗುಣಮಟ್ಟ ಅಳೆಯುವ ಸಂಸ್ಥೆ. ಅದು 1994ರಿಂದಲೇ ಉಂಟು, ಆದ್ರೆ 2017ರ ಹೊಸ ಪದ್ಧತಿಯ ನಂತರ ಎಲ್ಲದಕ್ಕೂ ದಾಖಲೆ ಅಪ್‌ಲೋಡ್ ಆಗ್ಬೇಕು. ಎಷ್ಟು ಸೆಮಿನಾರ್, ಯಾವ ದಿನಾಚರಣೆ, ಎಷ್ಟು ಜನ, ವರದಿ ಎಲ್ಲಿ, ಫೋಟೋ ಎಲ್ಲಿ. ಫೋಟೋ ಅಂದ್ರೆ ಸಾದಾ ಫೋಟೋ ಅಲ್ಲ, ಜಿಯೋಟ್ಯಾಗ್, ಅಂದ್ರೆ ತೆಗೆದ ಜಾಗದ ಗುರುತು ಇರುವಂಥದ್ದು. ಒಂದು ಸಭೆಯಲ್ಲಿ ನಾನೇ ಕೂತು ನೋಡಿದ್ದೇನೆ. ದೀಪ ನಂದಿ ಹೋಗ್ತದೆ ಅಂತ ಫ್ಯಾನ್ ಆಫ್ ಮಾಡಿದ್ರು, ಹಿಂದೆ ಕೂತಿದ್ದ ಮಕ್ಕಳನ್ನೆಲ್ಲ ಎಬ್ಬಿಸಿ ಮುಂದಿನ ಮೂರು ಸಾಲಿಗೆ ತುಂಬಿಸಿದ್ರು, ಒಬ್ಬ ಹುಡುಗ ಮೊಬೈಲ್ ಹಿಡಿದು ಅಕ್ಷಾಂಶ ರೇಖಾಂಶ ಬರುವ ತನಕ ಕಾದ, ಮೂರು ಸಲ ದೀಪ ಹಚ್ಚಿದ ಹಾಗೆ ಮಾಡಿದ್ರು. ಅಷ್ಟಾದ ಮೇಲೆ ಅರ್ಧಕ್ಕರ್ಧ ಮಕ್ಕಳು ಕ್ಯಾಂಟೀನಿಗೆ. ಭಾಷಣ ಕೆಟ್ಟದಿತ್ತು ಅಂತಲ್ಲ, ಒಳ್ಳೆಯದೇ ಇತ್ತು, ಆದ್ರೆ ಕೆಲಸ ಆಗಿ ಹೋಗಿತ್ತಲ್ಲ.

2020ರಲ್ಲಿ ಲಾಕ್‌ಡೌನ್ ಬಂದು ಖರ್ಚೇ ಇಲ್ಲದೆ ಇಂಟರ್‌ನ್ಯಾಷನಲ್ ಆಯ್ತು, ವೆಬಿನಾರ್ ಮುಗಿದ ಕೂಡ್ಲೇ ಫೀಡ್‌ಬ್ಯಾಕ್ ಫಾರ್ಮ್, ಅದು ತುಂಬಿಸಿದ್ರೆ ಇ-ಸರ್ಟಿಫಿಕೇಟ್, ನನ್ನ ನೆಂಟರ ಹುಡುಗಿ ಒಂದೇ ಮಳೆಗಾಲದಲ್ಲಿ ನಲ್ವತ್ತು ಮಾಡಿದ್ಲು. ಮತ್ತೆ 2022ರ ಡಿಸೆಂಬರಿನಿಂದ ಒಂದು ವರ್ಷ ಭಾರತಕ್ಕೆ ಜಿ20 ದೇಶಗಳ ಕೂಟದ ಅಧ್ಯಕ್ಷತೆ, ದೇಶದ ಕ್ಯಾಂಪಸ್ಸುಗಳಲ್ಲೆಲ್ಲ ವಸುಧೈವ ಕುಟುಂಬಕಂ ಅನ್ನುವ ಘೋಷಣೆ.

ಈಗ ಫೆಬ್ರವರಿ 21ಕ್ಕೆ ಬರುವ. ವಿಶ್ವ ಮಾತೃಭಾಷಾ ದಿನ. 1952ರಲ್ಲಿ ಢಾಕಾದಲ್ಲಿ ಬಂಗಾಳಿಗಾಗಿ ಹುಡುಗರು ಗುಂಡು ತಿಂದದ್ದರ ನೆನಪಿಗೆ 1999ರಲ್ಲಿ ಯುನೆಸ್ಕೋ ಘೋಷಿಸಿದ್ದು. ಇದನ್ನು ಕಾಸರಗೋಡಿನವರಿಗೆ ವಿವರಿಸ್ಬೇಕಾ? ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಅಂತ ಏಳು ಭಾಷೆಯ ನಾಡು ಅಂತ ನಾವೇ ಬೆನ್ನು ತಟ್ಟಿಕೊಳ್ತೇವೆ, ಯುನೆಸ್ಕೋದ ಅಪಾಯದ ಪಟ್ಟಿಯಲ್ಲಿ ತುಳುವಿನ ಹೆಸರೂ ಉಂಟು. ಇಂಥ ದಿನದ ಆಮಂತ್ರಣವೇ ಇಂಗ್ಲಿಷಿನಲ್ಲಿ ಬಂದ್ರೆ ಗ್ರೂಪಿನಲ್ಲಿ ಜಗಳ ಆಗದೆ ಇನ್ನೇನಾಗ್ತದೆ. ಹೊರಗಿಂದ ಬಂದ ಅತಿಥಿಗೆ ಕನ್ನಡ ಬರುವುದಿಲ್ಲ, ಸರಿ, ಆದ್ರೆ ಹತ್ತು ನಿಮಿಷದ ಅನುವಾದಕ್ಕೆ ಕನ್ನಡ ವಿಭಾಗದ ಒಬ್ಬ ವಿದ್ಯಾರ್ಥಿಯನ್ನು ಕೂರಿಸ್ಲಿಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಅದಕ್ಕೆ ಪಾಯಿಂಟ್ ಇಲ್ಲ, ಅಷ್ಟೇ ವಿಷಯ.

ಬಸ್ಸಿನ ತೊಂದರೆಯೂ ಉಂಟು ಅನ್ನಿ. ಪೆರ್ಲ, ಮುಳ್ಳೇರಿಯ ಕಡೆಯವರು ಕಾಸರಗೋಡಿಗೆ ಬಂದು, ಅಲ್ಲಿಂದ ಪೆರಿಯಕ್ಕೆ ಇನ್ನೊಂದು ಬಸ್ಸು ಹತ್ಬೇಕು. ಪ್ರಶ್ನೋತ್ತರ ಸುರು ಆಗುವುದು ನಾಲ್ಕೂವರೆಗೆ, ಅವರು ಬ್ಯಾಗು ಎತ್ತುವುದೂ ಆಗಲೇ.

ಪ್ರಪಂಚದ ವಿಷಯ ನಮಗೆ ಹೊರಗಿಂದಲೇ ಬರ್ಬೇಕು ಅಂತಲೂ ಇಲ್ಲ. ನಮ್ಮ ಜಿಲ್ಲೆಯ ಎಣ್ಮಕಜೆ, ಪಡ್ರೆ, ಸ್ವರ್ಗ ಅನ್ನುವ ಊರುಗಳ ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಲ್ಲಿ ಸಿಂಪಡಿಸಿದ ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಬಗ್ಗೆ 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ವಿಷ ರಾಸಾಯನಿಕಗಳ ಮೇಲಿನ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಕೂತು ನಿಷೇಧಕ್ಕೆ ಒಪ್ಪಿದ್ವು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆಯೂ ಬಂತು. ಇದಕ್ಕಿಂತ ಗ್ಲೋಬಲ್ ವಿಷಯ ಯಾವುದುಂಟು? ಈ ವಿಷಯದ ಮೇಲೆ ಜಿಲ್ಲೆಯ ಒಂದು ಕ್ಯಾಂಪಸ್ಸಿನಲ್ಲಿ ಆದ ಸೆಮಿನಾರಿಗೆ ನಾನು ಹೋಗಿದ್ದೆ, ಪರಿಸರ ನ್ಯಾಯ ಅಂತ ವಿಷಯ, ಎಲ್ಲ ಇಂಗ್ಲಿಷು. ಕೊನೆಗೆ ಗಡಿ ಕಡೆಯ ಒಬ್ರು ಅಮ್ಮ, ಮಗನನ್ನು ಮನೆಯಲ್ಲಿ ಅಕ್ಕನ ಹತ್ರ ಬಿಟ್ಟು ಬಂದವರು, ಮೈಕ್ ತಕ್ಕೊಂಡು ಕನ್ನಡದಲ್ಲಿ ಐದು ನಿಮಿಷ ಮಾತಾಡಿದ್ರು. ಮಗನಿಗೆ ಮೂವತ್ತು ದಾಟಿತು, ಎತ್ತಿ ಮೀಯಿಸ್ಲಿಕ್ಕೆ ಈಗ ನನ್ನ ಕೈಯಲ್ಲಿ ಆಗುವುದಿಲ್ಲ, ಎಂಡೋಸಲ್ಫಾನ್ ಸಂತ್ರಸ್ತರ ತಿಂಗಳ ಪಿಂಚಣಿ ಎರಡು ತಿಂಗಳಿಂದ ಬರಲಿಲ್ಲ, ಅದಕ್ಕೆ ಯಾರನ್ನು ಕೇಳ್ಬೇಕು ಅಂತ. ವೇದಿಕೆಯಲ್ಲಿದ್ದವರೊಬ್ರು ಅತಿಥಿಯ ಕಿವಿಯಲ್ಲಿ ಒಂದು ವಾಕ್ಯ ಹೇಳಿದ್ರು, ಅತಿಥಿ ಕೈ ಮುಗಿದ್ರು.

ಆಮೇಲೆ ಬಂದ ವರದಿಯಲ್ಲಿ ಆ ಅಮ್ಮ ಮೈಕ್ ಹಿಡಿದ ಫೋಟೋ ಉಂಟು, ಕೆಳಗೆ ಸಮುದಾಯದೊಂದಿಗೆ ಸಂವಾದ ಅಂತ ಇಂಗ್ಲಿಷಿನಲ್ಲಿ, ಅಕ್ಷಾಂಶ ರೇಖಾಂಶ ಸರಿಯಾಗಿ ಬಂದಿದೆ. ಪಿಂಚಣಿಯ ವಿಷಯ ವರದಿಯಲ್ಲಿಲ್ಲ.