ಕೇಬಲ್ ಹಾಕಿದೆ, ಕರೆಂಟ್ ಬಂತಾ?

ಟೆಂಪೋ ಟ್ರಾವೆಲರ್ ತಂದು ಕ್ಯಾಂಪರ್ ವ್ಯಾನ್ ಮಾಡಿಕೊಡಿ ಅನ್ನುವವರು ಮೊದಲು ಕೇಳುವುದು ಬ್ಯಾಟರಿ ಎಷ್ಟು ದೊಡ್ಡದಿರಲಿ, ಸೋಲಾರ್ ಎಷ್ಟು ವ್ಯಾಟ್ ಇರಲಿ ಅಂತ. ಹೊರಗಿನಿಂದ ಕರೆಂಟ್ ತೆಗೆದುಕೊಳ್ಳುವ ಮಾತು ಬಂದರೆ, ‘ಅದೇನ್ ಬಿಡಿ ಸಾರ್, ಒಂದು ಪ್ಲಗ್ ಕೊಟ್ಟರೆ ಆಯ್ತು’ ಅಂದುಬಿಡುತ್ತಾರೆ. ರಿಪೇರಿಗೆ ಅಂತ ವಾಪಸ್ ಬರುವ ವ್ಯಾನುಗಳಲ್ಲಿ ಜಾಸ್ತಿ ತಕರಾರು ಇರುವುದು ಆ ಪ್ಲಗ್ಗಿನ ಹಿಂದೆಯೇ.

ಹೋಂಸ್ಟೇ ಅಂಗಳದಲ್ಲಿ ನಿಲ್ಲಿಸಿ ಕೇಬಲ್ ಎಳೆದು ಹಾಕಿದ ಮೇಲೆ ವ್ಯಾನಿಗೆ ಅದು ಗೊತ್ತಾಗಬೇಕು. ಇನ್ವರ್ಟರ್ ಪಕ್ಕಕ್ಕೆ ಸರಿಯಬೇಕು, ಚಾರ್ಜರ್ ಶುರುವಾಗಬೇಕು, ಫ್ರಿಡ್ಜ್ ಮತ್ತು ಎಸಿ ಹೊರಗಿನ ಕರೆಂಟ್ ಹಿಡಿಯಬೇಕು. ಕೇಬಲ್ ತೆಗೆಯದೆ ಡ್ರೈವರ್ ಹೊರಟರೆ ಯಾರಾದರೂ ಕೂಗಬೇಕು. ಇಷ್ಟಕ್ಕೂ ಸೇರಿಸಿ 230 ವೋಲ್ಟಿನ ಒಂದೇ ಒಂದು ರಿಲೇ (ಕರೆಂಟ್ ಬಂದರೆ ಎಳೆದುಕೊಂಡು, ಹೋದರೆ ಬಿಟ್ಟುಕೊಳ್ಳುವ ಸ್ವಿಚ್) ಹಾಕಿ ಮುಗಿಸುವುದು ಸಾಮಾನ್ಯ ಪದ್ಧತಿ. ಇಂಗ್ಲೆಂಡಿನ ಕ್ಯಾಂಪ್‌ಸೈಟ್‌ನಲ್ಲಿ ಅದು ನಡೆಯುತ್ತದೆ. ಅಲ್ಲಿ ನೀಲಿ ಬಣ್ಣದ 16 ಆಂಪಿಯರ್ ಸಾಕೆಟ್ಟಿನ ಕಂಬ ಇರುತ್ತದೆ, ಕೇಬಲ್ ಹಾಕಿದರೆ ಕರೆಂಟ್ ಇದ್ದೇ ಇರುತ್ತದೆ. ನಮ್ಮಲ್ಲಿ ಹಾಗಲ್ಲ. ಸಕಲೇಶಪುರದ ಕಡೆ ಜುಲೈ ಮಳೆಯಲ್ಲಿ ಒಂದು ಕೊಂಬೆ ಲೈನಿನ ಮೇಲೆ ಬಿದ್ದರೆ ರಾತ್ರಿಯೆಲ್ಲ ಕರೆಂಟ್ ಇಲ್ಲ. ಕೇಬಲ್ ಮಾತ್ರ ಇದ್ದಲ್ಲೇ ಇದೆ. ರಿಲೇ ಬಿಟ್ಟುಕೊಂಡಿದೆ, ಡ್ಯಾಶ್‌ಬೋರ್ಡಿನ ದೀಪ ಆರಿದೆ. ಬೆಳಗ್ಗೆ ಕತ್ತಲಲ್ಲೇ ಹೊರಡುವ ಡ್ರೈವರ್ ದೀಪ ನೋಡಿ ಕೇಬಲ್ ತೆಗೆದಿದ್ದಾರೆ ಅಂದುಕೊಳ್ಳುತ್ತಾನೆ. ಸಾಕೆಟ್ ಸಮೇತ ಹೋಂಸ್ಟೇ ಬೋರ್ಡ್ ಕಿತ್ತುಕೊಂಡು ಬರುತ್ತದೆ.

ಹಾಗಾಗಿ ಕೇಬಲ್ ಹಾಕಿದೆಯಾ ಅನ್ನುವುದು ಒಂದು ಪ್ರಶ್ನೆ, ಒಳ್ಳೆ ಕರೆಂಟ್ ಬಂದಿದೆಯಾ ಅನ್ನುವುದು ಬೇರೆಯೇ ಪ್ರಶ್ನೆ. ಎರಡನ್ನೂ ಬೇರೆ ಬೇರೆ ಜಾಗದಲ್ಲಿ ಕೇಳಬೇಕು.

ಮೊದಲನೆಯದಕ್ಕೆ 230 ವೋಲ್ಟ್ ಬೇಕೇ ಇಲ್ಲ. ವ್ಯಾನಿನ ಮೈಮೇಲೆ ಕೇಬಲ್ ಹಾಕುವ ಇನ್‌ಲೆಟ್‌ಗೆ ಸ್ಪ್ರಿಂಗ್ ಮುಚ್ಚಳ ಇರುತ್ತದಲ್ಲ, ಅದರ ಹಿಂದೆ ಒಂದು ಮೈಕ್ರೋ ಸ್ವಿಚ್ ಕೂರಿಸಿ. ಇಗ್ನಿಷನ್ನಿನ 12 ವೋಲ್ಟ್, ಒಂದು ಬಜರ್, ಆ ಸ್ವಿಚ್, ಕೊನೆಗೆ ಬಾಡಿ. ಮುಚ್ಚಳ ತೆರೆದಿರುವಾಗ ಕೀ ತಿರುಗಿಸಿದರೆ ಬಜರ್ ಕಿರುಚುತ್ತದೆ. ಕೆಲವರು ಸೆಲ್ಫ್ ಹೊಡೆಯದ ಹಾಗೆಯೇ ಮಾಡಿಕೊಡಿ ಅಂತಾರೆ. ನಾನು ಒಪ್ಪುವುದಿಲ್ಲ. ಬಿಎಸ್ 6 ಗಾಡಿಯ ಸ್ಟಾರ್ಟಿಂಗ್ ವೈರಿಗೆ ಕೈ ಹಾಕಿದರೆ ವಾರಂಟಿ ತಕರಾರು ಬರುತ್ತದೆ. ಅದೂ ಅಲ್ಲದೆ 50 ರೂಪಾಯಿಯ ಸ್ವಿಚ್ ಕೆಟ್ಟು ಚಾರ್ಮಾಡಿ ಘಾಟಿಯಲ್ಲಿ ಗಾಡಿ ಸ್ಟಾರ್ಟ್ ಆಗದೆ ನಿಲ್ಲುವುದು ಯಾರಿಗೆ ಬೇಕು?

ಎರಡನೆಯದು ಸ್ವಲ್ಪ ಸೂಕ್ಷ್ಮ. 230 ವೋಲ್ಟಿನ ಸಾಮಾನ್ಯ ರಿಲೇ ಖಾತ್ರಿಯಾಗಿ ಎಳೆದುಕೊಳ್ಳಲು ಸುಮಾರು 80 ಶೇಕಡ, ಅಂದರೆ 184 ವೋಲ್ಟ್ ಬೇಕು. ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ ದೂರ ಇರುವ ತೋಟದ ಮನೆಯಲ್ಲಿ ಸಂಜೆ ಹೊತ್ತು ಅಷ್ಟು ಸಿಗದೇ ಇರಬಹುದು. ಆಗ ರಿಲೇ ಪೂರ್ತಿ ಎಳೆದುಕೊಳ್ಳದೆ ಗುಂಯ್‌ಗುಟ್ಟುತ್ತದೆ, ಕಾಂಟ್ಯಾಕ್ಟ್ ಟಕಟಕ ಬಡಿದು ಕಪ್ಪಾಗುತ್ತದೆ. ಮೊಬೈಲ್ ಅಡಾಪ್ಟರ್ ಇಟ್ಟು ಅದರ 5 ವೋಲ್ಟನ್ನೇ ಸಿಗ್ನಲ್ ಮಾಡಿಕೊಳ್ಳುವವರೂ ಇದ್ದಾರೆ. ಅದು 100 ವೋಲ್ಟಿಗೂ ‘ಕರೆಂಟ್ ಇದೆ’ ಅನ್ನುತ್ತದೆ. ಫ್ರಿಡ್ಜಿನ ಕಂಪ್ರೆಸರ್ ಅಷ್ಟರಲ್ಲಿ ತಿರುಗುವುದಿಲ್ಲ, ಬಿಸಿಯಾಗಿ ಕೂರುತ್ತದೆ.

ನಾನು ಹಾಕುವುದು ಡಿಸ್ಟ್ರಿಬ್ಯೂಷನ್ ಬಾಕ್ಸಿನ ರೈಲ್ ಮೇಲೆ ಕೂರುವ, ವೋಲ್ಟೇಜ್ ಮಿತಿ ದಾಟಿದರೆ ಕರೆಂಟ್ ಕಡಿಯುವ ವೋಲ್ಟೇಜ್ ಪ್ರೊಟೆಕ್ಟರ್. ಕೆಳಗೆ 180, ಮೇಲೆ 265 ಅಂತ ಸೆಟ್ ಮಾಡಿ, ಎಸಿ ಇದ್ದರೆ ಮೂರು ನಿಮಿಷದ ಡಿಲೇ ಕೊಡುತ್ತೇನೆ. ಮೇಲಿನ ಮಿತಿ ಸುಮ್ನೆ ಅಲ್ಲ. ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ತುಂಡಾದರೆ ನಿಮ್ಮ ಸಾಕೆಟ್ಟಿಗೆ 300 ದಾಟಿ ಬರಬಹುದು.

ಇನ್ನು ಹೊರಗಿನ ಕರೆಂಟ್ ಬಂದಿದೆ ಅನ್ನುವ ಈ ಸಿಗ್ನಲ್ ಎಲ್ಲಿಂದ ತೆಗೆಯಬೇಕು? ಜಾಸ್ತಿ ಜನ ಎಡವುವುದು ಇಲ್ಲೇ. ಹೊರಗಿನ ಕೇಬಲ್ ಒಳಗೆ ಬಂದು ಮೊದಲು ಡಬಲ್ ಪೋಲ್ ಎಂಸಿಬಿ, ಆಮೇಲೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್), ಅದಾದ ಮೇಲೆ ಚೇಂಜೋವರ್ (ಹೊರಗಿನ ಲೈನ್, ಇನ್ವರ್ಟರ್ ಎರಡರಲ್ಲಿ ಒಂದನ್ನೇ ಒಳಗೆ ಬಿಡುವ ಸ್ವಿಚ್). ಆರ್‌ಸಿಸಿಬಿ ದಾಟಿದ ಮೇಲೆ, ಚೇಂಜೋವರ್ ತಲುಪುವ ಮುಂಚೆ, ಆ ಗೇಣುದ್ದದ ಜಾಗದಲ್ಲೇ ತೆಗೆಯಬೇಕು. ಆರ್‌ಸಿಸಿಬಿ ಟ್ರಿಪ್ ಆದರೆ ಸಿಗ್ನಲ್ಲೂ ಹೋಗಬೇಕು. ಚಾರ್ಜರಿನ ಲೈನೂ ಅಲ್ಲಿಂದಲೇ ಹೊರಡಬೇಕು, ಅದಕ್ಕೆ ಅದರದೇ ಎಂಸಿಬಿ.

ಚೇಂಜೋವರ್ ಆದಮೇಲೆ ತೆಗೆದರೆ ಏನಾಗುತ್ತದೆ ನೋಡಿ. ಆ ಕಡೆ ಇನ್ವರ್ಟರಿನ 230 ವೋಲ್ಟೂ ಬರುತ್ತದೆ. ರಿಲೇಗೆ ಎರಡೂ ಒಂದೇ. ಇನ್ವರ್ಟರ್ ಆನ್ ಆದ ಕೂಡಲೇ ಹೊರಗಿನ ಕರೆಂಟ್ ಬಂತು ಅಂದುಕೊಂಡು ಚಾರ್ಜರ್ ಶುರು ಮಾಡಿಸುತ್ತದೆ. ಬ್ಯಾಟರಿಯಿಂದ ಇನ್ವರ್ಟರಿಗೆ, ಅಲ್ಲಿಂದ ಚಾರ್ಜರಿಗೆ, ಅಲ್ಲಿಂದ ಮತ್ತೆ ಬ್ಯಾಟರಿಗೆ. 30 ಆಂಪಿಯರ್ ಚಾರ್ಜರ್ ಬ್ಯಾಟರಿಗೆ ಸುಮಾರು 430 ವ್ಯಾಟ್ ಕೊಡಲು ತಾನು 500 ವ್ಯಾಟ್ ತಿನ್ನುತ್ತದೆ. ಆ 500 ಕೊಡಲು ಇನ್ವರ್ಟರ್ ಬ್ಯಾಟರಿಯಿಂದ 570ರಷ್ಟು ಎಳೆಯುತ್ತದೆ. ನಡುವಿನ 140 ವ್ಯಾಟ್ ಬರೀ ಬಿಸಿ. ಲೆಕ್ಕ ಹಾಕಿದರೆ ಗಂಟೆಗೆ 11 ಆಂಪಿಯರ್ ಅವರ್ ಖಾಲಿ. 200 ಆಂಪಿಯರ್ ಅವರ್ ಬ್ಯಾಟರಿ ರಾತ್ರಿ ಕಳೆಯುವುದರಲ್ಲಿ ಅರ್ಧ ಇಳಿದಿರುತ್ತದೆ. ತಮಾಷೆ ಅಂದರೆ ಚಾರ್ಜರಿನ ಡಿಸ್‌ಪ್ಲೇ ರಾತ್ರಿಯಿಡೀ 30 ಆಂಪಿಯರ್ ತೋರಿಸುತ್ತಾ, ಹಸಿರು ದೀಪ ಮಿನುಗಿಸುತ್ತಾ ಕೂತಿರುತ್ತದೆ. ‘ಹೊಸ ಬ್ಯಾಟರಿ ಡೂಪ್ಲಿಕೇಟ್ ಇರಬೇಕು’ ಅಂತ ಅಂಗಡಿಯವನ ಜೊತೆ ಜಗಳ ಆಡಿ ಬಂದವರ ವ್ಯಾನಿನಲ್ಲಿ ನಾನು ಮೊದಲು ಹುಡುಕುವುದು ಈ ಸುತ್ತನ್ನೇ.

ಚೇಂಜೋವರ್ ಇಲ್ಲದೆ ಇನ್ವರ್ಟರ್ ಮತ್ತು ಹೊರಗಿನ ಲೈನನ್ನು ಒಂದೇ ಬೋರ್ಡಿಗೆ ಕೂಡಿಸಿದ್ದನ್ನೂ ನೋಡಿದ್ದೇನೆ. ಅಲ್ಲಿ ಕೇಬಲ್ ತೆಗೆದ ಮೇಲೂ ಇನ್‌ಲೆಟ್ ಪಿನ್ನಿನಲ್ಲಿ 230 ವೋಲ್ಟ್ ನಿಂತಿರುತ್ತದೆ, ಮಗು ಮುಟ್ಟುವ ಎತ್ತರದಲ್ಲಿ. ಕೈಯಲ್ಲಿ ತಿರುಗಿಸುವ ರೋಟರಿ ಚೇಂಜೋವರ್ ಸ್ವಿಚ್ಚೇ ಬಹಳ ಜನರಿಗೆ ಸಾಕು. ಆಟೋಮ್ಯಾಟಿಕ್ ಬೇಕೇ ಬೇಕು ಅಂದರೆ ಎರಡೂ ಒಟ್ಟಿಗೆ ಎಳೆಯದಂತೆ ಮೆಕ್ಯಾನಿಕಲ್ ಇಂಟರ್‌ಲಾಕ್ ಇರುವ ಕಾಂಟ್ಯಾಕ್ಟರ್ (ದೊಡ್ಡ ಲೋಡಿನ ರಿಲೇ) ಜೋಡಿ ಹಾಕಿ. ಎರಡೂ ಕಡೆ ಪ್ಲಗ್ ಇರುವ ಕೇಬಲನ್ನಂತೂ ಯಾರಾದರೂ ಕೊಟ್ಟರೆ ಅಲ್ಲೇ ಕತ್ತರಿಸಿ ಬಿಸಾಕಿ.

ಅರ್ಥಿಂಗ್ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ವ್ಯಾನ್ ನಿಂತಿರುವುದು ರಬ್ಬರ್ ಟೈರ್ ಮೇಲೆ. ಹೋಂಸ್ಟೇ ಸಾಕೆಟ್ಟಿನ ಮೇಲಿನ ದೊಡ್ಡ ತೂತಿನಲ್ಲಿ ಅರ್ಥ್ ವೈರೇ ಇಲ್ಲದಿದ್ದರೆ, ಚಾರ್ಜರಿನ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳೇ ಸಾಕು, ಇಡೀ ಬಾಡಿಯನ್ನು ನೂರರ ಆಸುಪಾಸಿನ ವೋಲ್ಟೇಜಿಗೆ ಎತ್ತಿಡಲು. ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲಿನ ಹಿಡಿ ಮುಟ್ಟಿದರೆ ಜುಮ್ ಅನ್ನುತ್ತದೆ. ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತದೆ. ಅಷ್ಟರಿಂದ ಸಾಯುವುದಿಲ್ಲ ನಿಜ. ಆದರೆ ಅದೇ ಬಾಡಿಗೆ ಒಂದು ದಿನ ಫೇಸ್ ವೈರ್ ಉಜ್ಜಿಕೊಂಡರೆ ಉಳಿಸುವವರು ಯಾರು?

ಇನ್ವರ್ಟರ್ ಮೇಲೆ ಓಡುವಾಗ ಇನ್ನೊಂದು ಸಮಸ್ಯೆ. ಆರ್‌ಸಿಸಿಬಿ ಕೆಲಸ ಮಾಡಬೇಕಾದರೆ ಸೋರಿದ ಕರೆಂಟಿಗೆ ವಾಪಸ್ ಹೋಗಲು ದಾರಿ ಬೇಕು, ಅಂದರೆ ನ್ಯೂಟ್ರಲ್ ಎಲ್ಲೋ ಒಂದು ಕಡೆ ಬಾಡಿಗೆ ಸೇರಿರಬೇಕು. ಹೊರಗಿನ ಕರೆಂಟ್ ಬಂದಾಗ ಆ ಜೋಡಣೆ ಬಿಡಬೇಕು, ಇಲ್ಲದಿದ್ದರೆ ಹೋಂಸ್ಟೇಯ ಆರ್‌ಸಿಸಿಬಿ ಟ್ರಿಪ್ ಆಗುತ್ತಲೇ ಇರುತ್ತದೆ. ಕ್ಯಾಂಪರಿಗೆಂದೇ ಬರುವ ಒಳ್ಳೆ ಇನ್ವರ್ಟರ್‌ಗಳಲ್ಲಿ ಇದಕ್ಕೊಂದು ರಿಲೇ ಒಳಗೇ ಇರುತ್ತದೆ. ಇನ್ವರ್ಟರಿನ ಲೈನಿಗೂ ಬೇರೆ ಆರ್‌ಸಿಸಿಬಿ ಹಾಕಬೇಕು ಅನ್ನುವುದು ನೆನಪಿರಲಿ. ಅಗ್ಗದ ಇನ್ವರ್ಟರಿನಲ್ಲಿ ನ್ಯೂಟ್ರಲ್ ಬಾಡಿಗೆ ಸೇರಿಸಿದರೆ ಇನ್ವರ್ಟರೇ ಸುಟ್ಟುಹೋಗುವುದೂ ಉಂಟು, ಮ್ಯಾನ್ಯುಯಲ್ ನೋಡದೆ ಕೈ ಹಾಕಬೇಡಿ.

ಚಾರ್ಜಿಂಗ್ ಕಡೆ ಬರೋಣ. 12 ವೋಲ್ಟ್ ಲೀಥಿಯಂ ಫಾಸ್ಫೇಟ್ ಬ್ಯಾಟರಿಗೆ 14.2ರಿಂದ 14.6 ವೋಲ್ಟ್ ಕೊಟ್ಟರೆ ತುಂಬುತ್ತದೆ. ಮನೆಯ ಇನ್ವರ್ಟರಿಗೆ ಟ್ಯೂಬುಲರ್ (ಲೆಡ್ ಆಸಿಡ್) ಬ್ಯಾಟರಿಯ ಸೆಟ್ಟಿಂಗ್ ಇರುತ್ತದೆ, ಈಕ್ವಲೈಸ್ ಹಂತದಲ್ಲಿ ವೋಲ್ಟೇಜ್ ಇನ್ನೂ ಏರಿಸುತ್ತದೆ. ಲೀಥಿಯಂ ಮೋಡ್ ಇಲ್ಲದಿದ್ದರೆ ಅದನ್ನು ಜೋಡಿಸಬೇಡಿ. ಟ್ಯೂಬುಲರನ್ನೇ ವ್ಯಾನಿಗೆ ಹಾಕುತ್ತೇನೆ ಅನ್ನುವವರಿಗೆ ಬೇಡ ಅಂತಲೇ ಹೇಳುತ್ತೇನೆ. ಮಲಗುವ ಜಾಗದಲ್ಲಿ ಹೈಡ್ರೋಜನ್ನು, ಆಸಿಡ್ಡು ಯಾಕೆ ಬೇಕು? ಅರ್ಧ ಇಳಿದ 200 ಆಂಪಿಯರ್ ಅವರ್ ಲೀಥಿಯಂ 30 ಆಂಪಿಯರ್ ಚಾರ್ಜರಿನಲ್ಲಿ ಮೂರೂವರೆ ಗಂಟೆಯಲ್ಲಿ ತುಂಬುತ್ತದೆ. ಹಳ್ಳಿ ಮನೆಯಲ್ಲಿ ಸಿಗುವ 6 ಆಂಪಿಯರ್ ಸಾಕೆಟ್ಟೇ ಇದಕ್ಕೆ ಸಾಕು, ಜೊತೆಗೆ ಇಂಡಕ್ಷನ್ ಒಲೆ ಹಚ್ಚದಿದ್ದರೆ. ಕೇಬಲ್ ಮೂರು ಕೋರಿನ ಎರಡೂವರೆ ಎಂಎಂ ಇರಲಿ. ರೀಲಿನಲ್ಲಿದ್ದರೆ ಪೂರ್ತಿ ಬಿಚ್ಚಿ ಹಾಕಿ, ಸುತ್ತಿದ ಕೇಬಲ್ ಲೋಡಿನಲ್ಲಿ ಬಿಸಿಯಾಗುತ್ತದೆ.

ಓಡುವಾಗ ಡೈನಮೋದಿಂದ ಚಾರ್ಜ್ ಮಾಡುವಲ್ಲಿಯೂ ಅದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. ವೋಲ್ಟೇಜ್ 13.3 ದಾಟಿದರೆ ಇಂಜಿನ್ ಓಡುತ್ತಿದೆ ಅಂತ ತಿಳಿದು ಗಾಡಿಯ ಬ್ಯಾಟರಿಯನ್ನೂ ಒಳಗಿನ ಬ್ಯಾಟರಿಯನ್ನೂ ಸೇರಿಸಿ, 12.8ಕ್ಕೆ ಇಳಿದರೆ ಬಿಡಿಸುವ ರಿಲೇ ಲೆಡ್ ಆಸಿಡ್ ಕಾಲಕ್ಕೆ ಸರಿ ಇತ್ತು. ತುಂಬಿದ ಲೀಥಿಯಂ ಬ್ಯಾಟರಿ ಸುಮ್ನೆ ಕೂತಾಗಲೂ 13.3ರ ಆಸುಪಾಸಿನಲ್ಲೇ ಇರುತ್ತದೆ. ಇಂಜಿನ್ ನಿಂತರೂ ಆ ರಿಲೇ ಬಿಡುವುದೇ ಇಲ್ಲ. ಓಡುವಾಗ ಲೀಥಿಯಂ ಸಿಕ್ಕಷ್ಟೂ ಎಳೆದು ಡೈನಮೋ ಕಾಯಿಸುವುದು ಬೇರೆ. ಅಲ್ಲಿ ಎಳೆಯುವ ಕರೆಂಟಿಗೆ ಮಿತಿ ಹಾಕಿ ಗಾಡಿಯ ಬ್ಯಾಟರಿಯಿಂದ ಒಳಗಿನದನ್ನು ತುಂಬಿಸುವ ಡಿಸಿ ಟು ಡಿಸಿ ಚಾರ್ಜರೇ ಬೇಕು. ಇಂಜಿನ್ ಓಡುತ್ತಿದೆ ಅನ್ನುವ ಸಿಗ್ನಲನ್ನು ಡೈನಮೋದ ಡಿ ಪ್ಲಸ್ ಟರ್ಮಿನಲ್ ಅಥವಾ ಇಗ್ನಿಷನ್ ವೈರಿನಿಂದಲೇ ಕೊಡಿ. 30 ಆಂಪಿಯರಿನ ಇಂಥ ಚಾರ್ಜರ್ ಇನ್‌ಪುಟ್ಟಿನಲ್ಲಿ 36-37 ಆಂಪಿಯರ್ ಎಳೆಯುತ್ತದೆ. ಐದು ಮೀಟರ್ ದೂರಕ್ಕೆ 6 ಎಂಎಂ ವೈರ್ ಹಾಕಿದರೆ ಹೋಗಿ ಬರುವುದರಲ್ಲಿ ಒಂದು ವೋಲ್ಟೇ ಹೋಯ್ತು. 16 ಎಂಎಂ ಹಾಕಿ, ಎರಡೂ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಡಿ.

ಕೆಲಸ ಮುಗಿದ ಮೇಲೆ ಮಾಲೀಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪರೀಕ್ಷೆ ಮಾಡಿ. ಕೇಬಲ್ ಹಾಕಿ, ಆ ಕಡೆಯ ಸಾಕೆಟ್ ಸ್ವಿಚ್ ಆಫ್ ಮಾಡಿ, ಕೀ ತಿರುಗಿಸಿ: ಬಜರ್ ಕೂಗಲೇಬೇಕು. ಕೇಬಲ್ ತೆಗೆದು ಇನ್ವರ್ಟರ್ ಆನ್ ಮಾಡಿ: ಚಾರ್ಜರ್ ಸತ್ತಿರಬೇಕು, ಇನ್‌ಲೆಟ್ ಪಿನ್ನುಗಳ ನಡುವೆ ಮೀಟರ್ ಸೊನ್ನೆ ತೋರಿಸಬೇಕು. ಆರ್‌ಸಿಸಿಬಿಯ ಟೆಸ್ಟ್ ಬಟನ್ನೂ ಒತ್ತಿ. ಆದರೆ ಅದು ಟ್ರಿಪ್ ಆಯ್ತು ಅಂದಮಾತ್ರಕ್ಕೆ ಅರ್ಥಿಂಗ್ ಇದೆ ಅಂತ ಅಲ್ಲ. ಆ ಬಟನ್ ಫೇಸ್ ನ್ಯೂಟ್ರಲ್ ನಡುವೆಯೇ ಕೆಲಸ ಮಾಡುತ್ತದೆ, ಅರ್ಥ್ ವೈರ್ ಇಲ್ಲದಿದ್ದರೂ ಟ್ರಿಪ್ ಮಾಡಿಸುತ್ತದೆ. ಅದಕ್ಕೇ ಮೂರು ದೀಪದ ಸಾಕೆಟ್ ಟೆಸ್ಟರ್ ಒಂದನ್ನು ಕೇಬಲ್ ಜೊತೆಯಲ್ಲೇ ಇಟ್ಟುಕೊಟ್ಟು, ಹೊಸ ಜಾಗದಲ್ಲಿ ಮೊದಲು ಅದನ್ನು ಹಾಕಿ ನೋಡಿ, ಆಮೇಲೆ ವ್ಯಾನಿನ ಕೇಬಲ್ ಹಾಕಿ ಅಂತ ಹೇಳಿ ಕಳಿಸುತ್ತೇನೆ.