ಡಬ್ಬಿಯಲ್ಲಿಟ್ಟ ನೇರಳೆ ಬೀಜ ಏಕೆ ಮೊಳೆಯಲಿಲ್ಲ?

ಪ್ರಶ್ನೆ: ನಮ್ಮ ಬಡಾವಣೆಯ ಕೆಲವರು ಸೇರಿ ಸ್ಥಳೀಯ ಗಿಡಮರಗಳ ಬೀಜ ಗ್ರಂಥಾಲಯವೊಂದನ್ನು ಆರಂಭಿಸಿದ್ದೇವೆ. ಕಳೆದ ವರ್ಷ ಹೊಂಗೆ, ಬೇವು, ನೇರಳೆ, ಹಲಸು, ಕಕ್ಕೆ ಬೀಜಗಳನ್ನು ಚೆನ್ನಾಗಿ ಒಣಗಿಸಿ, ಹೆಸರು ಬರೆದು ಡಬ್ಬಿಗಳಲ್ಲಿ ಇಟ್ಟಿದ್ದೆವು. ಈ ಮಳೆಗಾಲದಲ್ಲಿ ಅವನ್ನು ಪಡೆದು ಬಿತ್ತಿದವರು, ಹೊಂಗೆಯೊಂದನ್ನು ಬಿಟ್ಟರೆ ಮತ್ತಾವುದೂ ಮೊಳೆಯಲಿಲ್ಲ ಎನ್ನುತ್ತಿದ್ದಾರೆ. ನಾವು ಎಲ್ಲಿ ತಪ್ಪಿದೆವು?

ಉತ್ತರ: ನಿಮ್ಮ ಡಬ್ಬಿಗಳಲ್ಲಿ ನಡೆದಿರುವುದು ಒಂದೇ ಸಂಗತಿಯಲ್ಲ. ನೇರಳೆ ಮತ್ತು ಹಲಸಿನ ಬೀಜಗಳು ಒಣಗಿಸಿದ್ದರಿಂದಲೇ ಸತ್ತಿವೆ. ಬೇವಿನ ಬೀಜದ ಆಯಸ್ಸು ಕಾಯುವಷ್ಟರಲ್ಲಿ ತೀರಿಹೋಗಿದೆ. ಕಕ್ಕೆಯ ಬೀಜವಾದರೋ ಬಹುಮಟ್ಟಿಗೆ ಇನ್ನೂ ಜೀವಂತವಾಗಿಯೇ ಇದ್ದು, ಗಟ್ಟಿ ಸಿಪ್ಪೆಯ ಕಾರಣದಿಂದ ನೀರು ಹೀರಿಕೊಳ್ಳಲಾಗದೆ ಸುಮ್ಮನೆ ಕುಳಿತಿದೆ. ತರಕಾರಿ ಮತ್ತು ಧಾನ್ಯಗಳ ಬೀಜಕ್ಕೆ ಹೊಂದುವ ‘ಒಣಗಿಸು, ಮುಚ್ಚಿಡು, ಮುಂದಿನ ವರ್ಷ ಬಿತ್ತು’ ಎಂಬ ಕ್ರಮವನ್ನು ನಮ್ಮ ನಾಡಿನ ಎಲ್ಲ ಮರಗಳಿಗೂ ಅನ್ವಯಿಸಿದ್ದೇ ಇಲ್ಲಿ ಆಗಿರುವ ತಪ್ಪು.

ಬ್ರಿಟಿಷ್ ಬೀಜವಿಜ್ಞಾನಿ ಇ. ಎಚ್. ರಾಬರ್ಟ್ಸ್ 1973ರಲ್ಲಿ ಬೀಜಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿದರು: ಒಣಗಿದರೂ ಬದುಕುವವು ಮತ್ತು ಒಣಗಿದರೆ ಸಾಯುವವು. ಇವೆರಡರ ನಡುವೆ ನಿಲ್ಲುವ ಮೂರನೆಯ ವರ್ಗವೊಂದಿದೆ ಎಂಬುದು ಕಾಫಿ ಬೀಜದ ಅಧ್ಯಯನದಿಂದ 1990ರಲ್ಲಿ ಸ್ಪಷ್ಟವಾಯಿತು. ಈ ವಿಂಗಡಣೆಯ ಹಿಂದಿರುವ ಕಾರಣವನ್ನು ನಮ್ಮ ಕಾಡುಗಳನ್ನು ನೋಡಿಯೇ ಅರಿಯಬಹುದು. ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಬೇಸಿಗೆಯ ಆರಂಭದಲ್ಲಿ ನೆಲಕ್ಕೆ ಬಿದ್ದ ಬೀಜವು ಮಳೆ ಬರುವವರೆಗೆ ಕಾದ ಮಣ್ಣಿನ ಮೇಲೆ ತಿಂಗಳುಗಟ್ಟಲೆ ಇರಬೇಕಾಗುತ್ತದೆ. ಹಾಗಾಗಿ ಅದು ತಾಯಿಮರದ ಮೇಲಿರುವಾಗಲೇ ತನ್ನ ತೇವವನ್ನು ಕಳೆದುಕೊಂಡು ಒಳಗಿನ ಚಟುವಟಿಕೆಯನ್ನು ನಿಲ್ಲಿಸಿಬಿಡುತ್ತದೆ. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನ ಧೂಪ, ಮುರುಗಲು, ಹೆಬ್ಬಲಸು, ಉಪ್ಪಾಗೆಗಳ ಬೀಜಗಳು ಮಳೆಗಾಲದ ಹೊಸ್ತಿಲಲ್ಲಿ ಅಥವಾ ಮಳೆಯ ನಡುವೆಯೇ ಉದುರುವುದರಿಂದ ಅವುಗಳಿಗೆ ಅಂಥ ಸಿದ್ಧತೆಯ ಅಗತ್ಯವೇ ಬಂದಿಲ್ಲ. ಅವು ಬೀಳುವಾಗಲೇ ತೇವದಿಂದ ತುಂಬಿರುತ್ತವೆ, ಒಳಗೆ ಉಸಿರಾಟ ನಡೆದೇ ಇರುತ್ತದೆ, ಮತ್ತು ತೇವ ಒಂದು ಮಟ್ಟಕ್ಕಿಂತ ಇಳಿದೊಡನೆ ಜೀವಕೋಶಗಳ ಪೊರೆಗಳು ಹಾಳಾಗಿ ಬೀಜ ಸಾಯುತ್ತದೆ. ನೇರಳೆಯೂ ಹಲಸೂ ಈ ಗುಂಪಿನವೇ. ಬೇವು ನಡುವಿನ ಗುಂಪಿಗೆ ಸೇರಿದ್ದು. ತಿರುಳು ತೊಳೆದು ನೆರಳಿನಲ್ಲಿ ಆರಿಸಿ, ಗಾಳಿಯಾಡುವ ಬಟ್ಟೆಯ ಚೀಲದಲ್ಲಿಟ್ಟರೂ ಸಾಮಾನ್ಯವಾಗಿ ಕೆಲವು ವಾರಗಳಲ್ಲೇ ಅದರ ಮೊಳಕೆಯ ಶಕ್ತಿ ಕುಂದುತ್ತದೆ.

ಆದ್ದರಿಂದ ಸ್ಥಳೀಯ ಮರಗಳ ಬೀಜ ಗ್ರಂಥಾಲಯಕ್ಕೆ ಕಪಾಟಿಗಿಂತ ಮೊದಲು ಬೇಕಾಗಿರುವುದು ಒಂದು ಪಂಚಾಂಗ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೃಗಶಿರಾ ಮತ್ತು ಆರಿದ್ರಾ ಮಳೆಗಳ ಹೊತ್ತಿಗೆ, ಅಂದರೆ ಜೂನ್ ಎರಡನೆಯ ವಾರದಿಂದ ಜುಲೈ ಮೊದಲ ವಾರದೊಳಗೆ, ನೇರಳೆ, ಬೇವು, ಹಲಸು ಮೂರೂ ಹೆಚ್ಚುಕಡಿಮೆ ಒಟ್ಟಿಗೆ ಸಿಗುತ್ತವೆ. ಆ ದಿನಗಳಲ್ಲಿ ವಾರಕ್ಕೊಮ್ಮೆ ಸೇರಿ, ಹಣ್ಣು ತಿಂದ ಬೀಜವನ್ನು ಅಂದೇ ತೊಳೆದು, ತೇವವಾದ ಮರಳಿನಲ್ಲಿ ಅಥವಾ ತೆಂಗಿನ ನಾರಿನ ಪುಡಿಯಲ್ಲಿ ಹುದುಗಿಸಿ, ಆ ವಾರವೇ ಬಿತ್ತುವವರ ಕೈಗೆ ತಲುಪಿಸಬೇಕು. ಬೀಜ ಯಾರಿಗೆ ಬೇಕೆಂಬ ಪಟ್ಟಿ ಕಾರ ಹುಣ್ಣಿಮೆಗೆ ಮೊದಲೇ ಸಿದ್ಧವಾಗಿರಲಿ, ಸಸಿಚೀಲಗಳಿಗೆ ಮಣ್ಣು ತುಂಬಿರಲಿ. ಇಂಥ ಬೀಜಗಳ ಮಟ್ಟಿಗೆ ಗ್ರಂಥಾಲಯವೆಂದರೆ ಯಾವ ಊರಿನ ಯಾವ ಮರ ಯಾವಾಗ ಹಣ್ಣಾಗುತ್ತದೆ ಎಂಬ ದಾಖಲೆ ಮತ್ತು ಹಣ್ಣಾದ ಸುದ್ದಿಯನ್ನು ತಕ್ಷಣ ತಿಳಿಸುವ ಜನರು.

ಬೇಸಿಗೆಯಲ್ಲಿ ಶಾಲೆಗಳೂ ಸಂಘಸಂಸ್ಥೆಗಳೂ ಉತ್ಸಾಹದಿಂದ ತಯಾರಿಸುವ ಬೀಜದುಂಡೆಗಳ ಬಗೆಗೂ ಇಲ್ಲಿಯೇ ಹೇಳಬೇಕು. ಮಣ್ಣು ಮತ್ತು ಸಗಣಿಯಲ್ಲಿ ಹಲಸಿನ ಬೀಜವನ್ನೋ ನೇರಳೆ ಬೀಜವನ್ನೋ ಇಟ್ಟು ಬಿಸಿಲಿಗೆ ಒಣಗಿಸಿದರೆ ಉಂಡೆ ಗಟ್ಟಿಯಾಗುವುದರೊಳಗೆ ಬೀಜ ಸತ್ತಿರುತ್ತದೆ. ಮಕ್ಕಳ ಶ್ರಮ ವ್ಯರ್ಥವಾಗಬಾರದೆಂದಿದ್ದರೆ ಉಂಡೆಗಳಿಗೆ ಹೊಂಗೆ, ಕಕ್ಕೆ, ಅಂಟುವಾಳದಂತಹ ಒಣಗುವ ಬೀಜಗಳನ್ನಷ್ಟೇ ಬಳಸಬೇಕು.

ಇನ್ನು ಕಪಾಟಿನಲ್ಲಿ ಇಡಬಹುದಾದ ಬೀಜಗಳ ವಿಷಯ. ಅಮೆರಿಕದ ಬೀಜವಿಜ್ಞಾನಿ ಜೇಮ್ಸ್ ಹ್ಯಾರಿಂಗ್ಟನ್ ನೀಡಿದ ಸೂತ್ರವೊಂದು ಇಂದಿಗೂ ಉಪಯುಕ್ತವಾಗಿದೆ: ಬೀಜದ ತೇವಾಂಶ ಶೇಕಡಾ 1ರಷ್ಟು ಇಳಿದಂತೆಲ್ಲ, ಹಾಗೆಯೇ ಇಡುವ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದಂತೆಲ್ಲ, ಅದರ ಆಯಸ್ಸು ಸುಮಾರಾಗಿ ಇಮ್ಮಡಿಯಾಗುತ್ತದೆ. ತೇವಾಂಶದ ಲೆಕ್ಕವು ಸುಮಾರು ಶೇಕಡಾ 5ರಿಂದ 14ರ ನಡುವೆ ಮಾತ್ರ ಹೊಂದುತ್ತದೆ. ಈ ಲೆಕ್ಕದಂತೆ ಶೇಕಡಾ 14ರಷ್ಟು ತೇವವಿದ್ದ ಬೀಜವನ್ನು ಶೇಕಡಾ 10ಕ್ಕೆ ಇಳಿಸಿದರೆ ಅದು 16 ಪಟ್ಟು ಹೆಚ್ಚು ಕಾಲ ಬಾಳಬಲ್ಲದು. ಒಣಗಿಸುವುದು ನೆರಳಿನಲ್ಲಿ, ಗಾಳಿಯಲ್ಲಿ ಆಗಬೇಕೇ ಹೊರತು ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ತಾರಸಿಯ ಮೇಲಲ್ಲ. ಮಳೆಗಾಲದಲ್ಲಿ ಕರಾವಳಿ, ಮಲೆನಾಡುಗಳ ಗಾಳಿಯೇ ತೇವದಿಂದ ತುಂಬಿರುವಾಗ, ಪ್ರತಿಸಲ ತೆರೆದ ಡಬ್ಬಿಯೊಳಗಿನ ಬೀಜ ಆ ತೇವವನ್ನು ಮತ್ತೆ ಹೀರಿಕೊಳ್ಳುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಒಂದೇ ದೊಡ್ಡ ಡಬ್ಬಿಯ ಬದಲು, ಒಮ್ಮೆ ತೆರೆದರೆ ಪೂರ್ತಿ ಹಂಚಿಬಿಡಬಹುದಾದ ಸಣ್ಣ ಸೀಸೆಗಳಲ್ಲಿ ತುಂಬಿ, ಹುರಿದು ಆರಿಸಿದ ಅಕ್ಕಿಯ ಪುಟ್ಟ ಗಂಟೊಂದನ್ನು ತೇವ ಹೀರಲು ಜೊತೆಗಿಡುವುದು ಉತ್ತಮ. ಹೊಂಗೆ ಈ ರೀತಿಯಲ್ಲಿ ಸುಮಾರು ಒಂದು ವರ್ಷ ಬಾಳುತ್ತದೆ. ಕಾಯಿಯೊಳಗೆ ಹುಳು ಮೊದಲೇ ಮೊಟ್ಟೆಯಿಟ್ಟಿರುವ ಸಾಧ್ಯತೆ ಇರುವುದರಿಂದ, ತೂತುಬಿದ್ದ ಬೀಜಗಳನ್ನು ತುಂಬುವ ಮೊದಲೇ ಆರಿಸಿ ತೆಗೆಯಬೇಕು.

ಸಂಗ್ರಹಿಸುವ ಮರದ ಆಯ್ಕೆಯಲ್ಲಿ ನಾವು ತೋರುವ ಎಚ್ಚರ ಸಾಲದು. ಸಾಮಾನ್ಯವಾಗಿ ಮನೆಗೆ ಹತ್ತಿರವಿರುವ ಒಂದೇ ಮರದ ಕೆಳಗೆ ಬಿದ್ದುದನ್ನೆಲ್ಲ ಗೋರಿ ತರುತ್ತೇವೆ. ಹಾಗೆ ಹಂಚಿದ ನೂರು ಸಸಿಗಳೂ ಒಂದೇ ತಾಯಿಯ ಮಕ್ಕಳಾಗಿ, ಮುಂದೆ ಅವುಗಳೊಳಗೇ ಪರಾಗಸ್ಪರ್ಶವಾದಾಗ ಸಂತತಿ ದುರ್ಬಲವಾಗುತ್ತದೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಅರಣ್ಯ ಇಲಾಖೆಯ ಸಸ್ಯಪಾಲನಾ ಕೇಂದ್ರದಲ್ಲಿ ದಶಕಗಳ ಕಾಲ ದುಡಿದು, 2020ರಲ್ಲಿ ಪದ್ಮಶ್ರೀಗೆ ಆಯ್ಕೆಯಾಗಿ, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಹಾಲಕ್ಕಿ ಸಮುದಾಯದ ಈ ಮಹಿಳೆಯ ಹೆಸರು ಇಷ್ಟು ದೂರ ಹಬ್ಬಿದ್ದು ಅವರು ನೆಟ್ಟ ಸಸಿಗಳಿಂದ ಮಾತ್ರವಲ್ಲ. ಕಾಡಿನಲ್ಲಿ ತಾಯಿಮರವನ್ನು ಗುರುತಿಸಿ, ಸರಿಯಾದ ಹೊತ್ತಿನಲ್ಲಿ ಅದರ ಬೀಜ ತೆಗೆಯುವ ಅವರ ಜ್ಞಾನದಿಂದಲೂ ಹೌದು. ಶಾಲೆಯ ಓದಿಲ್ಲದೆ ಅವರು ಗಳಿಸಿದ್ದ ಆ ಕಣ್ಣನ್ನು ಯಾವ ಕೈಪಿಡಿಯೂ ನಮಗೆ ಕೊಡಲಾರದು. ಆದರೆ ರೋಗವಿಲ್ಲದ, ಪ್ರಾಯಕ್ಕೆ ಬಂದ, ಪರಸ್ಪರ ದೂರವಿರುವ ಹಲವು ಮರಗಳಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸುವುದು ಎಲ್ಲರಿಗೂ ಸಾಧ್ಯ. ಆ ದಿನ ಮಾಗಿರುವ ಬೀಜದಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು ಎಂಬುದು ಬ್ರಿಟನ್ನಿನ ಮಿಲೆನಿಯಂ ಸೀಡ್ ಬ್ಯಾಂಕ್ ತನ್ನ ಸಂಗ್ರಾಹಕರಿಗೆ ಹಾಕಿರುವ ಮಿತಿ. ಉಳಿದದ್ದು ಹಕ್ಕಿಗೆ, ಅಳಿಲಿಗೆ, ಬಾವಲಿಗೆ ಮತ್ತು ಆ ನೆಲಕ್ಕೆ ಸೇರಬೇಕಾದದ್ದು.

ಎಲ್ಲಿಂದ ತರಬಹುದು ಎಂಬುದಕ್ಕೆ ಕಾನೂನಿನ ಗೆರೆಯೂ ಇದೆ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿವೆ, ಮೀಸಲು ಅರಣ್ಯಗಳು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಅಡಿಯಲ್ಲಿವೆ. ಅಲ್ಲಿಂದ ಅನುಮತಿಯಿಲ್ಲದೆ ಬೀಜ ತರುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯು ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ ಹಕ್ಕನ್ನು ಕೊಟ್ಟಿರುವುದು ಕಾಡಿನಲ್ಲಿ ಬಾಳುವ ಸಮುದಾಯಗಳಿಗೆ, ಪಟ್ಟಣದಿಂದ ಹೋಗುವ ನಮಗಲ್ಲ. ಹೊಲದ ಬದು, ಕೆರೆಯ ಏರಿ, ಊರ ಗುಂಡುತೋಪು, ಸಾಲುಮರಗಳು ಇವೇ ನಮಗೆ ಸಾಕಾಗುವಷ್ಟಿವೆ. ನಾಗಬನ ಮತ್ತು ದೇವರಕಾಡುಗಳಲ್ಲಿ ಆಯಾ ಊರಿನವರ ಒಪ್ಪಿಗೆಯಿಲ್ಲದೆ ಒಂದು ಕಾಯಿಯನ್ನೂ ಮುಟ್ಟಬಾರದು.

ಗುರುತು ಖಚಿತವಿಲ್ಲದ ಬೀಜವನ್ನು ಹಂಚದಿರುವುದು ಒಳ್ಳೆಯದು. ಕಕ್ಕೆಯನ್ನು ಹೋಲುವ ಹಳದಿ ಹೂಗಳ ಅಂದಕ್ಕಾಗಿ ತಂದು ನೆಟ್ಟ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಅಮೆರಿಕ ಖಂಡದ ಮರ ಇಂದು ಬಂಡೀಪುರ, ನಾಗರಹೊಳೆ, ವಯನಾಡುಗಳ ಕಾಡಿನಲ್ಲಿ ಹರಡಿ, ಬೇರೆ ಗಿಡ ಏಳದಂತೆ ಮಾಡುತ್ತಿದೆ. ಗುಲಗಂಜಿಯು ಸ್ಥಳೀಯವೇ ಆದರೂ ಅದರ ಬೀಜ ಅತ್ಯಂತ ವಿಷಕಾರಿಯಾದ್ದರಿಂದ, ಮಕ್ಕಳು ಬರುವ ಗ್ರಂಥಾಲಯದಲ್ಲಿ ಅದನ್ನು ಇಡದಿರುವುದೇ ಲೇಸು. ಬೀಜದ ಜೊತೆಗೆ ಹೋಗಬೇಕಾದ ಮಾತುಗಳನ್ನೂ ಚೀಟಿಯಲ್ಲಿ ಬರೆಯಿರಿ: ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ ಇರುವುದರಿಂದ ಒಂದೇ ಸಸಿ ನೆಟ್ಟು ಹಣ್ಣಿಗೆ ಕಾಯಬಾರದು; ಶ್ರೀಗಂಧದ ಸಸಿಯು ಬೇರಿನಿಂದ ಇನ್ನೊಂದು ಗಿಡದ ಸತ್ವ ಹೀರಿ ಬೆಳೆಯುವುದರಿಂದ ಪಕ್ಕದಲ್ಲಿ ತೊಗರಿಯಂತಹ ಆಸರೆ ಗಿಡ ಇರಲೇಬೇಕು. ಸಂಗ್ರಹಿಸಿದ ಊರು, ತಿಂಗಳು, ಎಷ್ಟು ಮರಗಳಿಂದ ತೆಗೆದದ್ದು ಎಂಬ ವಿವರಗಳೂ ಅದೇ ಚೀಟಿಯಲ್ಲಿರಲಿ.

ಬೀಜ ಪಡೆದವರು ಏನನ್ನು ಹಿಂತಿರುಗಿಸಬೇಕು ಎಂಬುದನ್ನೂ ನೀವು ತೀರ್ಮಾನಿಸಬೇಕಾಗುತ್ತದೆ. ಅಣ್ಣೆ ಸೊಪ್ಪು, ತುಂಬೆಯಂತಹ ಗಿಡಗಳಾದರೆ ಅದೇ ವರ್ಷ ಬೀಜ ಕೊಡುತ್ತವೆ. ಬೆರಕೆ ಸೊಪ್ಪಿನ ರೂಢಿಯಿರುವ ಊರುಗಳಲ್ಲಿ ಇವುಗಳ ಬೀಜಕ್ಕೆ ಬೇಡಿಕೆಯೂ ಇದೆ. ಮರವಾದರೆ ಬೀಜ ಹಿಂತಿರುಗಲು ವರ್ಷಗಳೇ ಬೇಕು. ಅದಕ್ಕಾಗಿ ಮರದ ಬೀಜ ಒಯ್ದವರಿಂದ ಎಷ್ಟು ಬಿತ್ತಿದಿರಿ, ಎಷ್ಟು ದಿನಕ್ಕೆ ಮೊಳೆಯಿತು, ಎಷ್ಟು ಉಳಿದವು ಎಂಬ ಮಾಹಿತಿಯನ್ನು, ಸಾಧ್ಯವಾದರೆ ಒಂದೆರಡು ಸಸಿಗಳನ್ನು, ಹಿಂದಕ್ಕೆ ಕೇಳುವುದು ನ್ಯಾಯವಾಗಿದೆ. ನಾಲ್ಕಾರು ವರ್ಷ ಕೂಡಿಟ್ಟರೆ ಆ ಮಾಹಿತಿ ನಿಮ್ಮ ಊರಿನ ಮಣ್ಣಿಗೂ ಮಳೆಗೂ ಹೊಂದುವ ಕೈಪಿಡಿಯಾಗುತ್ತದೆ.

ಈಗ ನಿಮ್ಮ ಕೈಯಲ್ಲಿರುವ ಡಬ್ಬಿಗಳ ಬಗ್ಗೆ. ನೇರಳೆ, ಹಲಸು, ಬೇವುಗಳನ್ನು ಗೊಬ್ಬರದ ಗುಂಡಿಗೆ ಹಾಕಿ. ಹೊಂಗೆಯಲ್ಲಿ 20 ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ವಾರ ನೋಡಿ. ಅರ್ಧಕ್ಕಿಂತ ಕಡಿಮೆ ಮೊಳೆತರೆ ಉಳಿದದ್ದನ್ನು ಹಂಚಲು ಇಟ್ಟುಕೊಳ್ಳದೆ ಈ ಮಳೆಯಲ್ಲೇ ದಟ್ಟವಾಗಿ ಬಿತ್ತಿಬಿಡಿ. ಕಕ್ಕೆಯನ್ನು ಮಾತ್ರ ಎಸೆಯಬೇಡಿ. ಪ್ರತಿ ಬೀಜದ ಒಂದು ಬದಿಯನ್ನು, ಮೊಳಕೆಯ ಮೂತಿಯಿರುವ ಕಡೆ ಬಿಟ್ಟು, ಒರಟು ಕಲ್ಲಿಗೆ ಉಜ್ಜಿ ಒಳಗಿನ ತಿಳಿಬಣ್ಣ ಕಾಣುವಂತೆ ಮಾಡಿ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ಉಬ್ಬಿರುವ ಬೀಜಗಳನ್ನು ಬಿತ್ತಿ, ಉಬ್ಬದೆ ಉಳಿದವನ್ನು ಮತ್ತೊಮ್ಮೆ ಉಜ್ಜಿ ನೆನೆಸಿ.