ಮಳೆಗಾಲದ ಉಪ್ಪು ಮತ್ತು ಚಿಕ್ಕಪ್ಪನ ಬಿಪಿ

ಮಾರ್ಚ್ ತಿಂಗಳಲ್ಲಿ ಮೂಡಿಗೆರೆ ಕಡೆ ಹೋದರೆ ರಾತ್ರಿಯಲ್ಲೂ ಸ್ಪ್ರಿಂಕ್ಲರ್ ಸದ್ದು ನಿಲ್ಲುವುದಿಲ್ಲ. ತೋಟದೊಳಗೆ ಜೆಟ್ ಚಕ್ ಚಕ್ ಅಂತ ತಿರುಗುತ್ತಿರುತ್ತದೆ, ಕೆರೆ ಹತ್ತಿರ ಎಂಜಿನ್ ಗುಡುಗುತ್ತಿರುತ್ತದೆ. ಹೂಮಳೆ, ಅಂದರೆ ಗಿಡ ಹೂ ಬಿಡಿಸುವ ಬೇಸಿಗೆ ಮಳೆ, ಕೈಕೊಟ್ಟ ವರ್ಷ ರೋಬಸ್ಟಾ ಕಾಫಿ ಹೂವಾಗುವುದಕ್ಕೆ ಈ ನೀರೇ ಗತಿ. ನಮ್ಮ ಚಿಕ್ಕಪ್ಪ ಇದರಲ್ಲಿ ಪಳಗಿದವರು. ಜೆಟ್ ಎಷ್ಟು ದೂರ ಹಾರುತ್ತಿದೆ ಅಂತ ನೋಡಿಯೇ "ಪ್ರೆಶರ್ ಜಾಸ್ತಿ ಆಯ್ತು, ಎಂಜಿನ್ ಇಳ್ಸೋ" ಅನ್ನುತ್ತಾರೆ. ಇಳಿಸದಿದ್ದರೆ ಎಲ್ಲೋ ಒಂದು ಕಡೆ ಪೈಪಿನ ಜಾಯಿಂಟ್ ಕಿತ್ತುಕೊಂಡು ಹೋಗುತ್ತದೆ.

ಅದೇ ಚಿಕ್ಕಪ್ಪನ ಬಿಪಿ ಒಂದು ಕ್ಯಾಂಪಿನಲ್ಲಿ ನೋಡಿದಾಗ 164/100 ಇತ್ತು. ಒಂದು ವಾರ ಬಿಟ್ಟು ನೋಡಿದರೂ ಹೆಚ್ಚುಕಮ್ಮಿ ಅಷ್ಟೇ. "ತಲೆನೋವಿಲ್ಲ, ತಲೆಸುತ್ತಿಲ್ಲ, ನಂಗೇನಾಗಿದೆ ಮಾರಾಯ?" ಅಂದರು. ಚಿಕ್ಕಮ್ಮ ಮೆತ್ತಗೆ ನನ್ನನ್ನು ಒಳಗೆ ಕರೆದು, "ಯಾವ ಸೊಪ್ಪು, ಯಾವ ಕಷಾಯ ಕೊಟ್ರೆ ಇಳಿಯುತ್ತೆ ಹೇಳು" ಅಂದರು. ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಸುಲಭ. ಚಿಕ್ಕಮ್ಮನದು ಕಷ್ಟದ್ದು.

ಮೊದಲು ಈ ಸಂಖ್ಯೆ ಏನು ಅಂತ ನೋಡೋಣ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಕುದುರೆಯ ರಕ್ತನಾಳಕ್ಕೆ ಹಿತ್ತಾಳೆ ಕೊಳವೆ ಸಿಕ್ಕಿಸಿ, ಅದಕ್ಕೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿ ನಿಲ್ಲಿಸಿದ್ದ. ರಕ್ತ 8 ಅಡಿಗೂ ಮೇಲೆ ಏರಿತು. 1733ರಲ್ಲಿ ಅದನ್ನು ಬರೆದು ಪ್ರಕಟಿಸಿದ. ಮನುಷ್ಯರಿಗೆ ಹೀಗೆ ಮಾಡುವ ಹಾಗಿಲ್ಲವಲ್ಲ! 1896ರಲ್ಲಿ ಇಟಲಿಯ ರಿವಾ ರೋಚಿ ತೋಳಿಗೆ ಕಟ್ಟುವ ಪಟ್ಟಿ ತಂದ. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಆ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಸದ್ದು ಕೇಳುವುದನ್ನು ಕಲಿಸಿದ. ಅಳತೆ ಮಾತ್ರ ಪಾದರಸದ ಮಿಲಿಮೀಟರಿನಲ್ಲಿ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಹಾಗಾಗಿ ಮೇಲಿನ ಸಂಖ್ಯೆ 120 ಅಂದರೆ, ಹೃದಯ ಒಂದು ಸಲ ಹಿಂಡಿದಾಗ ನೀರನ್ನು ಐದೂಕಾಲು ಅಡಿ ಮೇಲಕ್ಕೆ ಎತ್ತಬಲ್ಲಷ್ಟು ಒತ್ತಡ. ಚಿಕ್ಕಪ್ಪನ 164 ಅಂದರೆ ಏಳು ಅಡಿಗೂ ಮೇಲೆ. ಅದೂ ದಿನಕ್ಕೆ ಸುಮಾರು ಒಂದು ಲಕ್ಷ ಸಲ. ಕೆಳಗಿನ ಸಂಖ್ಯೆ ಎರಡು ಬಡಿತದ ನಡುವೆ ಉಳಿಯುವ ಒತ್ತಡ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಅದು ಅಧಿಕ ರಕ್ತದೊತ್ತಡ.

ಇಷ್ಟಾದರೂ ನೋವೇಕಿಲ್ಲ? ತೋಟದ ಪೈಪು ಒಡೆಯುವವರೆಗೆ ಹಾಗೇ ಇರುತ್ತದೆ. ನಮ್ಮೊಳಗಿನ ಪೈಪು ಜೀವಂತ, ಅದು ಹೊಂದಿಕೊಳ್ಳುತ್ತದೆ. ಒತ್ತಡ ತಡೆಯಲು ಗೋಡೆಯನ್ನು ದಪ್ಪ ಮಾಡಿಕೊಳ್ಳುತ್ತದೆ. ಗೋಡೆ ದಪ್ಪವಾದರೆ ಒಳದಾರಿ ಕಿರಿದಾಗುತ್ತದೆ. ಪೈಪು ಕಿರಿದಾದರೆ ತಡೆ ಏರುವುದು ನೀರಾವರಿ ಮಾಡಿದವರಿಗೆ ಗೊತ್ತು: ಸಣ್ಣ ರಕ್ತನಾಳದ ಒಳದಾರಿಯ ಅಗಲ ಅರ್ಧವಾದರೆ ತಡೆ ಎರಡು ಪಟ್ಟಾಗುವುದಿಲ್ಲ, 16 ಪಟ್ಟಾಗುತ್ತದೆ. ಹೃದಯ ಇನ್ನೂ ಜೋರಾಗಿ ಹಿಂಡಬೇಕು. ಹೀಗೇ ವರ್ಷಗಟ್ಟಲೆ ಸದ್ದಿಲ್ಲದೆ ಮೂತ್ರಪಿಂಡ, ಕಣ್ಣು, ಮೆದುಳಿನ ಸಣ್ಣ ನಾಳಗಳು ಸವೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ 30ರಿಂದ 79 ವರ್ಷದವರಲ್ಲಿ ಸುಮಾರು 140 ಕೋಟಿ ಜನರಿಗೆ ಬಿಪಿ ಇತ್ತು. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಅದು ಗೊತ್ತೇ ಇರಲಿಲ್ಲ. ಚಿಕ್ಕಪ್ಪ ಒಬ್ಬರೇ ಅಲ್ಲ, ಬಿಡಿ.

ಈಗ ಚಿಕ್ಕಮ್ಮನ ಅಡುಗೆಮನೆ. ಅಲ್ಲಿನ ಅಟ್ಟದ ಮೇಲೆ ಸಾಲಾಗಿ ಭರಣಿಗಳಿವೆ. ಮಲೆನಾಡಿನ ಮಳೆ ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಹಿಂದೆಲ್ಲ ಸಂತೆಗೆ ಹೋಗಲು ಹಳ್ಳ ದಾಟುವುದೇ ಕಷ್ಟ, ತರಕಾರಿ ಸಿಗುತ್ತಿರಲಿಲ್ಲ. ಅದಕ್ಕೇ ಬೇಸಿಗೆಯಲ್ಲೇ ಎಲ್ಲವೂ ಉಪ್ಪಿಗೆ ಬೀಳುತ್ತಿತ್ತು. ಮಾವಿನ ಮಿಡಿ, ಹಲಸಿನ ತೊಳೆ, ಬಾಳಕದ ಮೆಣಸು, ಹಪ್ಪಳ, ಸಂಡಿಗೆ. ಘಟ್ಟದ ಕೆಳಗಿನಿಂದ ಒಣಮೀನು. ಉಪ್ಪು ನೀರನ್ನು ಎಳೆದುಕೊಳ್ಳುತ್ತದೆ. ಭರಣಿಯಲ್ಲಿ ಅದು ಸೂಕ್ಷ್ಮಜೀವಿಗಳೊಳಗಿನ ನೀರನ್ನೇ ಎಳೆದು ಅವು ಬೆಳೆಯದ ಹಾಗೆ ಮಾಡುತ್ತದೆ. ಮಿಡಿ ವರ್ಷವಾದರೂ ಕೆಡದಿರುವ ಗುಟ್ಟು ಇದೇ.

ಅದೇ ಉಪ್ಪು ನಮ್ಮ ಮೈಯೊಳಗೂ ಅದೇ ಕೆಲಸ ಮಾಡುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ರಕ್ತದಲ್ಲಿ ಜಾಸ್ತಿಯಾದರೆ ಅದರ ಜೊತೆ ನೀರೂ ಉಳಿಯುತ್ತದೆ. ಪೈಪು ಅಷ್ಟೇ, ಹರಿಯುವ ನೀರು ಜಾಸ್ತಿ. ಹೆಚ್ಚಿನದನ್ನು ಮೂತ್ರಪಿಂಡಗಳು ಹೊರಗೆ ಹಾಕಬೇಕು. ಕೆಲವರ ಮೂತ್ರಪಿಂಡಕ್ಕೆ ಅದು ಸಲೀಸು, ಕೆಲವರದಕ್ಕೆ ಅಲ್ಲ. ಒಂದೇ ಮನೆಯಲ್ಲಿ ಒಂದೇ ಸಾರು ಉಂಡ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಬಿಪಿ ಬರುವುದಕ್ಕೆ ಇದೂ ಒಂದು ಕಾರಣ.

ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು ಸಾಕು, ಅಂದರೆ ಒಂದು ಟೀ ಚಮಚ. ಸಾರು, ಪಲ್ಯ, ಮಜ್ಜಿಗೆ ಎಲ್ಲ ಸೇರಿ. ನಾವು ಅದನ್ನು ದಾಟಿ ಬಹಳ ಮುಂದೆ ಹೋಗಿರುತ್ತೇವೆ. ತಮಾಷೆ ಅಂದರೆ, ಈಗ ರಸ್ತೆ ಬಂದಿದೆ, ಫ್ರಿಜ್ ಬಂದಿದೆ, ಆಷಾಢದಲ್ಲೂ ಬೀನ್ಸ್ ಸಿಗುತ್ತದೆ. ಭರಣಿ ಮಾತ್ರ ಖಾಲಿಯಾಗಿಲ್ಲ. ಮೇಲಿಂದ ಬೇಕರಿ ಸೇರಿಕೊಂಡಿದೆ. ಅಯ್ಯಂಗಾರ್ ಬೇಕರಿಯವರಲ್ಲಿ ಬಹಳ ಜನ ಹಾಸನ ಸೀಮೆಯವರೇ, ಆ ಹೆಮ್ಮೆ ನನಗೂ ಇದೆ. ಆದರೆ ಖಾರಾ ಬನ್ ತಿನ್ನುವಾಗ ಉಪ್ಪಿನ ಲೆಕ್ಕ ಯಾರೂ ಇಡುವುದಿಲ್ಲ. ಇನ್ನು "ಸೈಂಧವ ಲವಣ ಪರವಾಗಿಲ್ಲ" ಅನ್ನುವ ಮಾತು. ಅದೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಬಣ್ಣ ಬೇರೆ, ಬೆಲೆ ಜಾಸ್ತಿ, ಅಷ್ಟೇ.

ನನಗನ್ನಿಸುವುದು ಇಷ್ಟು: ಮನೆಮದ್ದು ಅಂದಕೂಡಲೇ ಏನು ತಿನ್ನಲಿ, ಏನು ಕುಡಿಯಲಿ ಅಂತ ಕೇಳುತ್ತೇವೆ. ಏನು ಬಿಡಲಿ ಅಂತ ಯಾರೂ ಕೇಳುವುದಿಲ್ಲ. ಬಿಪಿ ಇರುವವರು ಉಪ್ಪು ಚೆನ್ನಾಗಿ ಕಡಿಮೆ ಮಾಡಿದರೆ ಮೇಲಿನ ಸಂಖ್ಯೆ ಸುಮಾರು 5 ಇಳಿಯುತ್ತದೆ. ದಿನಾ ಅರ್ಧ ಗಂಟೆ ಬಿರುಸು ನಡಿಗೆಗೆ ಹೆಚ್ಚುಕಮ್ಮಿ ಅಷ್ಟೇ. ತೂಕ ಜಾಸ್ತಿ ಇದ್ದವರಿಗೆ ಕಿಲೋಗೆ ಒಂದರಂತೆ. ಕೂಡಿಸಿ ನೋಡಿ, ಒಂದು ಮಾತ್ರೆಯ ಕೆಲಸ ಆಯಿತು.

ತಿನ್ನುವುದರಲ್ಲೂ ಒಳ್ಳೆಯದಿದೆ. ಅಮೆರಿಕದಲ್ಲಿ ನಡೆದ ಡ್ಯಾಶ್ ಎಂಬ ಊಟದ ಪ್ರಯೋಗದ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಹಣ್ಣು, ತರಕಾರಿ, ಕಾಳು, ಕೊಬ್ಬು ಕಡಿಮೆ ಇರುವ ಹಾಲು ಮೊಸರು. ಬಿಪಿ ಇದ್ದವರಲ್ಲಿ ಮೇಲಿನ ಸಂಖ್ಯೆ ಸುಮಾರು 11 ಇಳಿಯಿತು. ಹಾಸನದ ಹಳ್ಳಿ ಮನೆಯ ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿಕಾಳು, ನೀರು ಮಜ್ಜಿಗೆ, ಕೊನೆಗೊಂದು ಏಲಕ್ಕಿ ಬಾಳೆ ಅದಕ್ಕೆ ಬಹಳ ದೂರವೇನಿಲ್ಲ, ಉಪ್ಪೊಂದು ಬಿಟ್ಟು. ಸೊಪ್ಪು, ಬಾಳೆ, ಎಳನೀರಿನಲ್ಲಿರುವ ಪೊಟ್ಯಾಸಿಯಂ ಸೋಡಿಯಂ ಹೊರಹೋಗಲು ಸಹಾಯ ಮಾಡುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪೊಟ್ಯಾಸಿಯಂ ಹೆಚ್ಚಿಸಿಕೊಳ್ಳಬಾರದು. ಬೆಳ್ಳುಳ್ಳಿಯಿಂದ ಸ್ವಲ್ಪ ಇಳಿಯುತ್ತದೆ, ಪವಾಡವೇನಲ್ಲ. ದಾಸವಾಳದ ಚಹಾ ಒಳ್ಳೆಯದು ಅಂತ ಓದಿ ಅಂಗಳದ ಹೂವು ಕುದಿಸುವವರಿದ್ದಾರೆ. ಆ ಪ್ರಯೋಗ ನಡೆದಿದ್ದು ಅದೇ ಜಾತಿಗೆ ಸೇರಿದ ಪುಂಡಿ ಗಿಡದ ಕೆಂಪು ಪುಷ್ಪಪಾತ್ರೆಯ, ಅಂದರೆ ಹೂವಿನ ಬುಡದ ಹೊದಿಕೆಯ ಮೇಲೆ, ಅಂಗಳದ ದಾಸವಾಳದ ಮೇಲಲ್ಲ.

ಕೆಲವು ಮನೆಮದ್ದು ಬಿಪಿ ಏರಿಸುತ್ತವೆ ಕೂಡ. ಮಳೆಗಾಲದ ಕೆಮ್ಮಿಗೆ ಅಗಿಯುವ ಅತಿಮಧುರ ನೋಡಿ. ಅದರಲ್ಲಿರುವ ಒಂದು ಅಂಶ ಮೂತ್ರಪಿಂಡ ಸೋಡಿಯಂ ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತದೆ. ಆಗೊಮ್ಮೆ ಈಗೊಮ್ಮೆ ಒಂದು ಚೂರು ಬೇರೆ ಮಾತು, ದಿನಾ ಕಷಾಯಕ್ಕೆ ಹಾಕಿ ಕುಡಿದರೆ ಕಷ್ಟ. ಮರಗಸಿ, ಅಂದರೆ ತೋಟದ ನೆರಳುಮರಗಳ ಕೊಂಬೆ ಸವರುವ ಕೆಲಸ, ಮುಗಿಸಿ ಬಂದು ಮೈಕೈ ನೋವು ಅಂತ ದಿನವೂ ನುಂಗುವ ಡೈಕ್ಲೋಫೆನಾಕ್ ಮಾತ್ರೆಯೂ ಅಷ್ಟೇ.

ಸರ್ಪಗಂಧದ ಕತೆ ಇನ್ನೂ ಸ್ವಾರಸ್ಯ. ನಮ್ಮ ಘಟ್ಟದ ಕಾಡಲ್ಲೂ ಬೆಳೆಯುವ ಗಿಡ ಇದು. 1949ರಲ್ಲಿ ಬೊಂಬಾಯಿಯ ಡಾ. ರುಸ್ತುಂ ಜಾಲ್ ವಕೀಲ್ ಇದರ ಬೇರು ಬಿಪಿ ಇಳಿಸುವುದನ್ನು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಜಗತ್ತಿನಾದ್ಯಂತ ಡಾಕ್ಟರುಗಳು ಬರೆದುಕೊಟ್ಟ ಬಿಪಿ ಮಾತ್ರೆ ಅದು. ಜೊತೆಗೆ ಮೂಗು ಕಟ್ಟುವುದು, ಮಂಕು, ಕೆಲವರಿಗೆ ಖಿನ್ನತೆ ಬಂತು ಅಂತ ದೂರುಗಳೂ ಬಂದವು. ಗಿಡದ್ದು ಅಂದಮಾತ್ರಕ್ಕೆ ಸೌಮ್ಯ ಅಲ್ಲ. ಒಂದು ಬೇರಿನಲ್ಲಿ ಎಷ್ಟಿದೆ, ಇನ್ನೊಂದರಲ್ಲಿ ಎಷ್ಟಿದೆ ಅಂತ ಮನೆಯಲ್ಲಿ ತಿಳಿಯುವುದಾದರೂ ಹೇಗೆ? ಸುಮ್ನೆ ಕಿತ್ತು ಕುದಿಸಬೇಡಿ.

ಕಾಫಿ ಬಿಡಬೇಕಾ? ಬಾಬಾಬುಡನ್ ಗಿರಿಯ ನೆರಳಲ್ಲಿ ಬದುಕುವವರನ್ನು ಹೀಗೆ ಕೇಳುವುದೇ ತಪ್ಪು ಅಲ್ವಾ! ಕಾಫಿ ಕುಡಿದ ಮೇಲೆ ಸ್ವಲ್ಪ ಹೊತ್ತು ಒತ್ತಡ ಏರುವುದು ನಿಜ. ದಿನಾ ಕುಡಿಯುವವರ ಮೈ ಅದಕ್ಕೆ ಬಹುಮಟ್ಟಿಗೆ ಒಗ್ಗಿಕೊಂಡಿರುತ್ತದೆ. ಹೆಚ್ಚಿನವರಿಗೆ ಎರಡು ಲೋಟ ತೊಂದರೆಯಿಲ್ಲ. ಅಳೆಯುವ ಅರ್ಧ ಗಂಟೆ ಮುಂಚೆ ಮಾತ್ರ ಬೇಡ. ಐದು ನಿಮಿಷ ಬೆನ್ನು ಒರಗಿಸಿ ಕೂತು, ಕಾಲು ನೆಲಕ್ಕೂರಿ, ತೋಳು ಎದೆಮಟ್ಟಕ್ಕಿಟ್ಟು ಅಳೆಯಬೇಕು. ಮಾತಾಡಬಾರದು. ಚಿಕ್ಕಪ್ಪನಿಗೆ ಈ ಕೊನೆಯದೇ ಕಷ್ಟ.

164 ಇದ್ದವರಿಗೆ ಬರೀ ಪಥ್ಯ ಸಾಲದು ಅಂತ ಆರೋಗ್ಯ ಕೇಂದ್ರದ ಡಾಕ್ಟರು ಮಾತ್ರೆ ಬರೆದರು. ಮಧ್ಯೆ ಬಿಡಬೇಡಿ ಅಂತ ಎರಡು ಸಲ ಹೇಳಿದರು. ಸಂಖ್ಯೆ 180/120 ದಾಟಿ, ಎದೆನೋವೋ ಉಸಿರುಗಟ್ಟುವುದೋ ಮಾತು ತೊದಲುವುದೋ ಆದರೆ ಕಷಾಯ ಕಾಯಿಸುತ್ತ ಕೂರದೆ ಆಸ್ಪತ್ರೆಗೆ ಓಡಿ ಅಂತಲೂ ಹೇಳಿದರು. ಚಿಕ್ಕಮ್ಮ ಮಿಡಿ ಉಪ್ಪಿನಕಾಯಿಯನ್ನು ಊಟದ ಮೇಜಿನಿಂದ ತೆಗೆದು ಅಟ್ಟಕ್ಕೆ ಹಾಕಿದರು. ಚಿಕ್ಕಪ್ಪ ಸಂಜೆ ಕೆರೆ ಏರಿ ಮೇಲೆ ನಡೆಯಲು ಶುರುಮಾಡಿದರು.

ಈ ಸಲ ಹೂವಿನ ನೀರು ಬಿಡುವಾಗ ಹೋಗಿದ್ದೆ. 134/84 ಇತ್ತು. ಮಾತ್ರೆಯಿಂದ ಎಷ್ಟು, ನಡಿಗೆಯಿಂದ ಎಷ್ಟು, ಉಪ್ಪಿನಕಾಯಿ ಬಿಟ್ಟಿದ್ದರಿಂದ ಎಷ್ಟು ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಬೆಳಿಗ್ಗೆ ಎರಡು ಎಸಳು ಬೆಳ್ಳುಳ್ಳಿ ಕೊಟ್ಟಿದ್ದರಿಂದಲೇ ಇಳಿದಿದ್ದು ಅನ್ನುತ್ತಾರೆ ಚಿಕ್ಕಮ್ಮ.